ಕಾಡಂಚಿನ ತೋಟದವರಿಗೆ ಉಪಯುಕ್ತವಾದ ಉಣ್ಣೆ (ಉಣುಗು) ಪ್ರಯೋಗಾಲಯ

ಕೊಡಗಿನಲ್ಲಿ ಕಾಫಿ ಕೊಯ್ಲು ಭರದಿಂದ ನಡೆಯುವ ಡಿಸೆಂಬರ್‌ನಿಂದ ಫೆಬ್ರವರಿಯವರೆಗಿನ ತಿಂಗಳುಗಳಲ್ಲೇ, 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಮೊದಲು ಪತ್ತೆಯಾದ ಮಂಗನ ಕಾಯಿಲೆಯನ್ನು ಹರಡುವ ರಕ್ತ ಹೀರುವ ಎಳೆಯ ಉಣ್ಣೆಗಳೂ ಮಲೆನಾಡಿನ ತರಗೆಲೆಗಳಲ್ಲಿ ಹೆಚ್ಚುತ್ತವೆ. ಕಾಡಿಗೆ ತಾಗಿದ ತೋಟಕ್ಕೆ ಆಳುಗಳನ್ನು ಕಳಿಸುವ ನನ್ನಂಥವರಿಗೆ ಅಲ್ಲಿ ಯಾವ ಜಾತಿಯ ಉಣ್ಣೆಗಳಿವೆ ಎಂಬುದು ತಿಳಿದಿರಲೇಬೇಕು. ಅದಕ್ಕಾಗಿ ಉಣ್ಣೆ, ಸೊಳ್ಳೆಗಳ ಅಧ್ಯಯನ ನಡೆಸುವ ವಿಶ್ವವಿದ್ಯಾಲಯವೊಂದರ ಪ್ರಯೋಗಾಲಯಕ್ಕೆ ಮಾದರಿಗಳನ್ನು ಒಯ್ದಿದ್ದೆ.

ಬಿಳಿ ಬಟ್ಟೆಯನ್ನು ತರಗೆಲೆಯ ಮೇಲೆ ಎಳೆದು, ಅಂಟಿಕೊಂಡ ಉಣ್ಣೆಗಳನ್ನು ಸ್ಪಿರಿಟ್ ತುಂಬಿದ ಶೀಶೆಗೆ ಹಾಕಿ, ಸಿಕ್ಕಿದ ಜಾಗ ಮತ್ತು ದಿನಾಂಕವನ್ನು ಪೆನ್ಸಿಲ್‌ನಲ್ಲಿ ಬರೆದ ಚೀಟಿಯನ್ನು ಒಳಗಿಡಬೇಕು. ಪೆನ್ನಿನ ಶಾಯಿ ಸ್ಪಿರಿಟ್‌ನಲ್ಲಿ ಕರಗಿಹೋಗುತ್ತದೆ. ಅಲ್ಲಿನ ಸಂಶೋಧಕಿ ಮಾದರಿಗಳನ್ನು ಸೂಕ್ಷ್ಮದರ್ಶಕದಡಿ ಇಟ್ಟು, ಮೊಟ್ಟೆಯೊಡೆದ ಮರಿಗೆ ಆರು ಕಾಲುಗಳು, ಮುಂದಿನ ಹಂತದ ನಿಂಫ್‌ಗೆ ಎಂಟು ಎಂಬುದನ್ನು ನಾನೇ ಎಣಿಸಿ ನೋಡುವಂತೆ ಮಾಡಿದರು. ದನದ ಮೈಯಲ್ಲಿ ಉಬ್ಬಿ ಕಾಣುವ ದೊಡ್ಡ ಉಣ್ಣೆಗಳ ಬಗ್ಗೆ ನಾವು ಎಚ್ಚರ ವಹಿಸುತ್ತೇವೆ; ಆದರೆ ಮಂಗನ ಕಾಯಿಲೆಯನ್ನು ಮನುಷ್ಯರಿಗೆ ಮುಖ್ಯವಾಗಿ ಅಂಟಿಸುವುದು ಎಳ್ಳಿಗಿಂತಲೂ ಸಣ್ಣದಾದ ಈ ನಿಂಫ್. ಸತ್ತ ಮಂಗನ ಮೈಯಿಂದ ಉಣ್ಣೆಗಳು ಉದುರಿ ಸುತ್ತಲಿನ ನೆಲದಲ್ಲಿ ಹರಡುವುದರಿಂದ, ಅಂಥ ಜಾಗಕ್ಕೆ ಯಾರೂ ಹೋಗದಂತೆ ತಡೆದು ಆರೋಗ್ಯ ಇಲಾಖೆಗೆ ತಿಳಿಸಬೇಕೆಂದು ಅವರು ಒತ್ತಿ ಹೇಳಿದರು. ಇಷ್ಟು ತಾಳ್ಮೆಯಿಂದ ರೈತರೊಡನೆ ಮಾತನಾಡುವವರು ಅಪರೂಪ.

ಸೊಳ್ಳೆ ವಿಭಾಗವನ್ನೂ ನೋಡಿದೆ. ಮಲೇರಿಯಾ ಹರಡುವ ಅನಾಫಿಲಿಸ್ ಸೊಳ್ಳೆಯ ಮರಿ ನೀರಿನ ಮೇಲ್ಮೈಗೆ ಸಮನಾಗಿ ಮಲಗಿದರೆ, ಡೆಂಗಿ ಹರಡುವ ಈಡಿಸ್ ಮರಿ ತಲೆಕೆಳಗಾಗಿ ನೇತಾಡುತ್ತದೆ. ಈಡಿಸ್ ಮೊಟ್ಟೆಗಳು ಒಣಗಿಯೂ ತಿಂಗಳುಗಟ್ಟಲೆ ಬದುಕುವುದರಿಂದ ಕಾರ್ಮಿಕರ ಲೈನ್ ಮನೆಗಳ ನೀರಿನ ಡ್ರಮ್‌ಗಳನ್ನು ಬರಿದು ಮಾಡಿದರಷ್ಟೇ ಸಾಲದು, ಒಳಬದಿಯನ್ನು ಉಜ್ಜಿ ತೊಳೆಯಬೇಕು.

ಕೊರತೆಗಳೂ ಇವೆ. ವರದಿ ಇಂಗ್ಲಿಷಿನಲ್ಲಿ ಮಾತ್ರ ಸಿಗುತ್ತದೆ. ಉಣ್ಣೆ ಕಚ್ಚಿಸಿಕೊಳ್ಳುವ ಕಾರ್ಮಿಕರಿಗೆ ಅದರಿಂದ ಪ್ರಯೋಜನವಿಲ್ಲ. ನನ್ನ ವರದಿ ಕೈಸೇರುವಷ್ಟರಲ್ಲಿ ಕೊಯ್ಲು ಮುಗಿದಿತ್ತು. ಇಲ್ಲಿ ಜಾತಿಯನ್ನಷ್ಟೇ ಗುರುತಿಸುತ್ತಾರೆ, ವೈರಾಣು ಪರೀಕ್ಷೆ ಮಾಡುವುದಿಲ್ಲ. ಅದಕ್ಕೆ ಹೆಚ್ಚಿನ ಜೈವಿಕ ಸುರಕ್ಷತೆಯ ಪ್ರಯೋಗಾಲಯವೇ ಬೇಕೆಂದು ಮೊದಲೇ ತಿಳಿಸುತ್ತಾರಾದ್ದರಿಂದ ಆ ಬಗ್ಗೆ ನನ್ನ ಆಕ್ಷೇಪವಿಲ್ಲ.

ಕಾಡಂಚಿನ ಬೆಳೆಗಾರರು ಮಾದರಿಗಳನ್ನು ನವೆಂಬರಿನಲ್ಲೇ ತಲುಪಿಸುವುದು ಒಳ್ಳೆಯದು. ಸಾಧ್ಯವಾದರೆ ಆಳುಗಳ ಕೆಲಸ ನೋಡಿಕೊಳ್ಳುವ ಮೇಸ್ತ್ರಿಯನ್ನೂ ಜೊತೆಗೆ ಕರೆದೊಯ್ಯಿರಿ.