ಮೆಂಬರ್‌ಶಿಪ್ ಗುಂಪಿಗೆ ಐಡಿಯಾ ಹುಡುಕಿಕೊಡುವ ಎರಡು ದಿನದ ಕ್ಲಾಸು: ಟೈಲರ್ ಒಬ್ಬಳ ಅನುಭವ

ದಾವಣಗೆರೆಯಲ್ಲಿ ಹದಿನೇಳು ವರ್ಷದಿಂದ ಬ್ಲೌಸ್ ಹೊಲಿಯುತ್ತಿದ್ದೇನೆ. ಮನೆಯ ಮುಂದಿನ ಕೋಣೆಯೇ ಅಂಗಡಿ. ಕೊರೊನಾ ಕಾಲದಲ್ಲಿ ಕೆಲಸ ನಿಂತಾಗ ಕಟಿಂಗ್ ವಿಡಿಯೋ ಹಾಕಲು ಶುರು ಮಾಡಿದೆ. ಅದನ್ನು ನೋಡಿದವರು ಸೇರಿಕೊಂಡು ಒಂದು ವಾಟ್ಸಾಪ್ ಗುಂಪಾಯಿತು, ಇನ್ನೂರು ಜನ ದಾಟಿದರು. ಎಲ್ಲರೂ ಮನೆಯಲ್ಲೇ ಹೊಲಿಯುವ ಹೆಣ್ಣುಮಕ್ಕಳು. ರಾತ್ರಿ ಹನ್ನೊಂದಕ್ಕೂ ‘ಅಕ್ಕಾ, ಇದೊಂದು ನೋಡಿ’ ಅಂತ ಫೋಟೋ ಬರುತ್ತಿತ್ತು. ಅವರಿಗೆ ಉತ್ತರ ಹೇಳುತ್ತಾ ಕೂತರೆ ನನ್ನ ಗಿರಾಕಿಗಳ ಬಟ್ಟೆ ತಡವಾಗುತ್ತಿತ್ತು. ತಿಂಗಳಿಗೆ ಇಷ್ಟು ಅಂತ ತಗೊಂಡು ಕ್ರಮವಾಗಿ ನಡೆಸೋಣ ಅನ್ನಿಸಿತು. ಆದರೆ ಯಾವ ವಿಷಯದ ಮೇಲೆ ನಡೆಸುವುದು, ಏನು ಕೊಡುವುದು, ಗೊತ್ತಿರಲಿಲ್ಲ. ಆಗ ಫೋನಿನಲ್ಲಿ, ಹೀಗೆ ತಿಂಗಳು ತಿಂಗಳು ದುಡ್ಡು ಕೊಟ್ಟು ಸೇರುವ ಮೆಂಬರ್‌ಶಿಪ್ ಗುಂಪಿಗೆ ವಿಷಯ ಹುಡುಕಿಕೊಡುವ ಈ ಕ್ಲಾಸಿನ ಜಾಹೀರಾತು ಕಂಡಿತು.

ನಡೆಸುವವರ ಹೆಸರು ಬರೆಯುತ್ತಿಲ್ಲ. ಇಂಥ ಕ್ಲಾಸುಗಳು ಈಗ ಬೇಕಾದಷ್ಟಿವೆ, ಎಲ್ಲದರ ರಚನೆಯೂ ಹೆಚ್ಚುಕಡಿಮೆ ಒಂದೇ ಥರ. ಮೊದಲು 99 ರೂಪಾಯಿಗೆ ಒಂದು ಗಂಟೆ. ಅದರ ಕೊನೆಗೆ ಶನಿವಾರ, ಭಾನುವಾರದ ಕ್ಲಾಸಿಗೆ 1,499. ಅದೂ ಮುಗಿಯುವ ಹೊತ್ತಿಗೆ ‘ಆರು ತಿಂಗಳು ಜೊತೆಗಿರುತ್ತೇವೆ’ ಅನ್ನುವ 24,999ರ ಪ್ಯಾಕೇಜು. ನಾನು ಮಧ್ಯದ್ದನ್ನು ತಗೊಂಡೆ. ಜೂಮ್‌ನಲ್ಲಿ ದಿನಕ್ಕೆ ಮೂರು ಗಂಟೆ, ಕನ್ನಡದಲ್ಲೇ ಮಾತು. ರೆಕಾರ್ಡಿಂಗ್ ಮೂವತ್ತು ದಿನ ನೋಡಬಹುದು.

ಮೊದಲ ದಿನ ನನಗೆ ನಷ್ಟವೇ ಆಯಿತು ಅಂತ ಹೇಳಬೇಕು. ನಿಮಗೆ ಏನು ಗೊತ್ತು, ಜನರಿಗೆ ಏನು ಬೇಕು, ಯಾವುದಕ್ಕೆ ದುಡ್ಡು ಬಿಚ್ಚುತ್ತಾರೆ ಅಂತ ಮೂರು ವೃತ್ತ ಬರೆಸಿದರು. ಅಲ್ಲಿಯವರೆಗೆ ಸರಿ. ಆಮೇಲೆ ಒಬ್ಬೊಬ್ಬರ ಐಡಿಯಾ ಕೇಳಿ ತಿದ್ದುತ್ತಾ ಬಂದರು. ನನ್ನ ಸರದಿ ಬಂದಾಗ, ‘ಮೇಡಂ, ಟೈಲರಿಂಗ್ ತುಂಬಾ ಚಿಕ್ಕದಾಯಿತು, ಮಹಿಳಾ ಸ್ವಉದ್ಯೋಗ ಅಂತ ಮಾಡಿ, ಜನ ಜಾಸ್ತಿ ಬರ್ತಾರೆ’ ಅಂದರು. ನಾನು ನಂಬಿದೆ. ತಿಂಗಳಿಗೆ 199 ರೂಪಾಯಿ ಇಟ್ಟು ಶುರು ಮಾಡಿದೆ. ಉಪ್ಪಿನಕಾಯಿ ಮಾಡುವವರು, ಬ್ಯೂಟಿ ಪಾರ್ಲರಿನವರು, ಟ್ಯೂಷನ್ ಹೇಳುವವರು, ಹೊಲಿಯುವವರು ಎಲ್ಲಾ ಸೇರಿ 31 ಜನ ಆದರು. ಮೂರನೇ ತಿಂಗಳಿಗೆ ಉಳಿದವರು ನಾಲ್ಕು. ಯಾರನ್ನೂ ದೂರಲಾರೆ. ಉಪ್ಪಿನಕಾಯಿಗೆ ಬೂಷ್ಟು ಬಂದರೆ ಪಾರ್ಲರಿನವರು ಏನು ಹೇಳಿಯಾರು? ಪಕ್ಕದವರ ಕಷ್ಟ ನಮಗೆ ಅರ್ಥವಾಗದಿದ್ದರೆ ಅದು ಸಮುದಾಯ ಆಗಲ್ಲ. ಒಂದೇ ಕೋಣೆಯಲ್ಲಿ ಕೂತ ಅಪರಿಚಿತರು, ಅಷ್ಟೇ.

ಎರಡನೇ ದಿನದ ಕೊನೆಯ ಇಪ್ಪತ್ತು ನಿಮಿಷದಲ್ಲಿ ಒಂದು ಅಭ್ಯಾಸ ಹೇಳಿದ್ದರು. ನಾನು ಕೊಟ್ಟ 1,499 ಅಷ್ಟೂ ಅದಕ್ಕೇ ಸಂದಿತು ಅಂತ ಈಗ ಅನ್ನಿಸುತ್ತದೆ. ಹತ್ತು ಜನರಿಗೆ ಫೋನ್ ಮಾಡಿ, ಆದರೆ ನಿಮ್ಮ ಐಡಿಯಾ ಹೇಳಬೇಡಿ. ಹೇಳಿದರೆ ಎಲ್ಲರೂ ಚೆನ್ನಾಗಿದೆ ಅಂತಾರೆ. ಅದರ ಬದಲು, ಈ ತೊಂದರೆ ಹೋದ ಸಲ ಯಾವಾಗ ಬಂತು, ಆಗ ಏನು ಮಾಡಿದಿರಿ, ಎಷ್ಟು ಖರ್ಚಾಯಿತು ಅಂತ ಕೇಳಿ. ಇದನ್ನು ಮೊದಲ ದಿನವೇ ಹೇಳಿ, ಮಾರನೇ ದಿನ ಉತ್ತರ ತರಿಸಿದ್ದರೆ ನನ್ನ ಮೂರು ತಿಂಗಳು ಉಳಿಯುತ್ತಿತ್ತು.

ಮೊದಲ ಗುಂಪು ಮುಚ್ಚಿದ ಮೇಲೆ ಈ ಅಭ್ಯಾಸಕ್ಕೆ ಕೂತೆ. ಫೋನ್ ಮಾಡುವ ಮುಂಚೆ ನನ್ನದೇ ಹಳೆಯ ಉಚಿತ ಗುಂಪಿನ ಒಂದು ತಿಂಗಳ ಮೆಸೇಜು ಓದಿ, ಅಳತೆ ಬರೆಯುವ ಪುಸ್ತಕದಲ್ಲೇ ಗೀಟು ಹಾಕುತ್ತಾ ಬಂದೆ. ಪ್ರಶ್ನೆಗಳು ಒಟ್ಟು 126. ಅದರಲ್ಲಿ 71 ಫಿಟ್ಟಿಂಗ್ ಬಗ್ಗೆ. ತೋಳು ಎತ್ತಿದರೆ ಬ್ಲೌಸ್ ಮೇಲೆ ಹೋಗುತ್ತೆ, ಶೋಲ್ಡರ್ ಜಾರುತ್ತೆ, ಬೆನ್ನಿನ ಹತ್ತಿರ ಬಟ್ಟೆ ಎದ್ದು ನಿಲ್ಲುತ್ತೆ. ಲೈನಿಂಗ್ ಬ್ಲೌಸಿಗೆ ಎಷ್ಟು ಕೂಲಿ ತಗೊಳ್ಳಲಿ ಅಂತ 19. ಸೀರೆ ಕುಚ್ಚಿನ ಡಿಸೈನು 14. ಉಳಿದದ್ದು ಮಿಷನ್ ರಿಪೇರಿ, ದಾರ, ಸಾಮಾನು ಎಲ್ಲಿ ಸಿಗುತ್ತೆ ಅನ್ನುವುದು.

ಕುಚ್ಚಿನ ಕಡೆಗೆ ನನಗೆ ಮನಸ್ಸಿತ್ತು, ಯಾಕೆಂದರೆ ಕುಚ್ಚಿನ ವಿಡಿಯೋಗಳನ್ನೇ ಜನ ಜಾಸ್ತಿ ನೋಡುತ್ತಾರೆ. ಆದರೆ ನನ್ನ ಗೆಳತಿಯೊಬ್ಬಳು ಕುಚ್ಚಿನ ಗುಂಪು ನಡೆಸಿ ನೋಡಿದ್ದಳು. ಹತ್ತು ಹದಿನೈದು ಥರದ ಗಂಟು, ಬೇಬಿ ಕುಚ್ಚು, ಕ್ರೋಶಾ, ಮಣಿ ಕುಚ್ಚು ಬಂದ ಮೇಲೆ ಎಲ್ಲರೂ ಥ್ಯಾಂಕ್ಸ್ ಹೇಳಿ ಹೊರಟರು. ಕಲಿತು ಮುಗಿಯುವ ವಿದ್ಯೆ ಅದು. ಅದನ್ನು ಒಂದೇ ಸಲಕ್ಕೆ ಒಂದು ಬೆಲೆಗೆ ಕೋರ್ಸಾಗಿ ಮಾರಬೇಕು, ಈಗ ಅವಳು ಹಾಗೇ ಮಾರುತ್ತಿದ್ದಾಳೆ. ಫಿಟ್ಟಿಂಗ್ ಹಾಗಲ್ಲ. ಪ್ರತಿ ಗಿರಾಕಿಯ ಮೈಕಟ್ಟು ಬೇರೆ, ಬಟ್ಟೆ ಬೇರೆ. ಹದಿನೇಳು ವರ್ಷ ಹೊಲಿದ ನನಗೂ ವಾರಕ್ಕೊಂದು ಬ್ಲೌಸ್ ಹೊಸ ಪ್ರಶ್ನೆ ತರುತ್ತದೆ. ತಿಂಗಳು ತಿಂಗಳು ದುಡ್ಡು ಕೊಡಬೇಕಾದರೆ ತಿಂಗಳು ತಿಂಗಳು ಹುಟ್ಟುವ ಕಷ್ಟವೇ ಬೇಕು. ಆರು ಗಂಟೆಯ ಕ್ಲಾಸಿನಲ್ಲಿ ಈ ಒಂದು ವ್ಯತ್ಯಾಸ ಬಾಯಿಗೆ ಬರಲಿಲ್ಲ ಅನ್ನುವುದೇ ನನ್ನ ದೊಡ್ಡ ದೂರು.

ಆಮೇಲೆ ಹತ್ತು ಫೋನು ಮಾಡಿದೆ. ಹರಿಹರದ ಒಬ್ಬರು, ರೇಷ್ಮೆ ಸೀರೆಯ ಬ್ಲೌಸ್ ಕೆಡಿಸಿ ಗಿರಾಕಿಗೆ 1,200 ರೂಪಾಯಿ ಕಟ್ಟಿಕೊಟ್ಟ ಕಥೆ ಹೇಳುತ್ತಾ ಅತ್ತರು. ಆ ಫೋನ್ ಇಟ್ಟ ಮೇಲೆ ನನಗೆ ಅನುಮಾನ ಉಳಿಯಲಿಲ್ಲ. ವಿಡಿಯೋ ಮಾಡಲಿಲ್ಲ, ಲೋಗೋ ಮಾಡಿಸಲಿಲ್ಲ. ನಲವತ್ತು ಜನರಿಗೆ ಒಂದು ಮೆಸೇಜು ಕಳಿಸಿದೆ: ಪ್ರತಿ ಬುಧವಾರ ರಾತ್ರಿ ಒಂಬತ್ತಕ್ಕೆ, ಅಡುಗೆಮನೆ ಕೆಲಸ ಮುಗಿದ ಮೇಲೆ, ಕೆಟ್ಟ ಬ್ಲೌಸ್ ತಗೊಂಡು ವಿಡಿಯೋ ಕಾಲಿಗೆ ಬನ್ನಿ, ಎಲ್ಲರೂ ಸೇರಿ ಸರಿ ಮಾಡೋಣ, ತಿಂಗಳಿಗೆ 149. ಮೂರು ದಿನದಲ್ಲಿ 22 ಜನ ಮುಂಗಡ ಹಾಕಿದರು.

ಒಂದು ಬುಧವಾರ ನಡೆದದ್ದು ಹೇಳುತ್ತೇನೆ. ರಾಣೆಬೆನ್ನೂರಿನ ಹುಡುಗಿಯೊಬ್ಬಳು ಬ್ಲೌಸನ್ನು ತಾನೇ ತೊಟ್ಟು ಕ್ಯಾಮೆರಾ ಮುಂದೆ ನಿಂತು ಕೈ ಎತ್ತಿದಳು. ಇಡೀ ಬ್ಲೌಸ್ ಎರಡು ಬೆರಳು ಮೇಲೆ ಬಂತು. ತೋಳು ಬಿಗಿ ಅಂತ ಅವಳು ಎರಡು ಸಲ ತೋಳಿನ ಹೊಲಿಗೆ ಬಿಚ್ಚಿ ಸಡಿಲ ಮಾಡಿದ್ದಳು. ತೊಂದರೆ ತೋಳಿನದ್ದಲ್ಲ, ಕಂಕುಳಿನದ್ದು. ಬ್ಲೌಸಿನ ಕಂಕುಳು ಕೆಳಗೆ ಇಳಿದಷ್ಟೂ ಕೈ ಎತ್ತಿದಾಗ ಅದು ಪಕ್ಕದ ಬಟ್ಟೆಯನ್ನೇ ಎಳೆದುಕೊಂಡು ಮೇಲೆ ಬರುತ್ತದೆ. ನಾನು ಹೇಳುವ ಮುಂಚೆಯೇ ಹುಬ್ಬಳ್ಳಿಯ ಒಬ್ಬರು, ‘ಅಳತೆ ಬ್ಲೌಸ್ ಎಷ್ಟು ಹಳೇದವ್ವ?’ ಅಂತ ಕೇಳಿದರು. ಐದು ವರ್ಷದ್ದಂತೆ. ತೊಳೆದು ತೊಳೆದು ಕಂಕುಳು ಹಿಗ್ಗಿದ ಬ್ಲೌಸಿನ ಮೇಲೆ ಇವಳು ಟೇಪು ಇಟ್ಟಿದ್ದಳು. ಕತ್ತರಿಸಿದ ಬಟ್ಟೆಯನ್ನು ವಾಪಸ್ ಅಂಟಿಸಲಾಗಲ್ಲ. ಮಾರ್ಜಿನ್ ಕಡೆ ಉಳಿದ ತುಂಡಿನಿಂದ ಸಣ್ಣ ವಜ್ರದ ಆಕಾರದ ಪಟ್ಟಿ ಕಂಕುಳಿಗೆ ಕೂರಿಸುವುದು ಹೇಗೆ ಅಂತ ತೋರಿಸಿದೆ. ಮಾರನೇ ದಿನ ಮಧ್ಯಾಹ್ನ ಫೋಟೋ ಬಂತು, ಕೈ ಎತ್ತಿದ್ದಳು, ಬ್ಲೌಸ್ ಅಲ್ಲಾಡಿರಲಿಲ್ಲ. ಅವತ್ತು ಮಿಷನ್ ಮುಂದೆ ಕೂತಿದ್ದ ನನಗೆ ಕಣ್ಣು ತುಂಬಿತು.

ಕ್ಲಾಸಿನವರು ಹೇಳದ ಇನ್ನೊಂದು ವಿಷಯ, ಜನ ತಮ್ಮ ಕಷ್ಟವನ್ನು ಬೇರೆಯವರ ಮುಂದೆ ತೋರಿಸಲು ಒಪ್ಪುತ್ತಾರಾ ಅನ್ನುವುದು. ಬ್ಲೌಸ್ ತೊಟ್ಟು ತೋರಿಸದೆ ಫಿಟ್ಟಿಂಗ್ ತಿಳಿಯಲ್ಲ, ತೋರಿಸಲು ಹೆಣ್ಣುಮಕ್ಕಳಿಗೆ ಸಂಕೋಚ. ಹಾಗಾಗಿ ಹೆಂಗಸರು ಮಾತ್ರ, ಫೋಟೋದಲ್ಲಿ ಮುಖ ಬೇಡ, ರೆಕಾರ್ಡಿಂಗ್ ಇಲ್ಲ ಅಂತ ಮೊದಲ ದಿನವೇ ನಿಯಮ ಮಾಡಿದೆ. ವಾಟ್ಸಾಪ್ ಗುಂಪಿಗೆ 1,024 ಜನ ಸೇರಿಸಬಹುದು, ಆದರೆ ಅಲ್ಲಿ ಎಲ್ಲರ ನಂಬರು ಎಲ್ಲರಿಗೂ ಕಾಣುತ್ತದೆ. ನಾನು 60ಕ್ಕೆ ನಿಲ್ಲಿಸಿದ್ದೇನೆ, ಪರಿಚಯದವರ ಮೂಲಕ ಬಂದವರನ್ನಷ್ಟೇ ಸೇರಿಸುತ್ತೇನೆ.

ದುಡ್ಡು ಕೂಡಿಸುವುದಕ್ಕೆ ಕ್ಲಾಸಿನವರು, ದುಡ್ಡು ಕೊಟ್ಟು ಚಾನೆಲ್ಲಿನ ಸದಸ್ಯರಾಗುವ ಯೂಟ್ಯೂಬಿನ ‘ಸೇರಿ’ ಬಟನ್ ಸಾಕು ಅಂದಿದ್ದರು. ಅದರಲ್ಲಿ 100ಕ್ಕೆ 30 ಯೂಟ್ಯೂಬಿಗೆ ಹೋಗುತ್ತದೆ. ವಿಡಿಯೋ ಮಾತ್ರ ಕೊಡುವವರಿಗೆ ಸರಿ, ನನ್ನಂಥ ಚಿಕ್ಕ ಗುಂಪಿಗೆ ಭಾರ. ಶುರುವಿನಲ್ಲಿ ಒಬ್ಬೊಬ್ಬರಿಗೂ ನೆನಪಿಸಿ ಹಾಕಿಸಿಕೊಳ್ಳುತ್ತಿದ್ದೆ. ತಿಂಗಳ ಮೊದಲ ವಾರವೆಲ್ಲಾ ಸಾಲ ವಸೂಲಿಯ ಹಾಗೆ ಅನ್ನಿಸಿ ಬೇಜಾರಾಗುತ್ತಿತ್ತು. ಈಗ ಯುಪಿಐ ಆಟೋಪೇ ಇದೆ. ಸದಸ್ಯರು ಒಂದೇ ಸಲ ಪಿನ್ ಹಾಕಿ ಒಪ್ಪಿಗೆ ಕೊಟ್ಟರೆ ಪ್ರತಿ ತಿಂಗಳು ತಾನಾಗಿ ಬರುತ್ತದೆ. ದುಡ್ಡು ಹೋಗುವ 24 ಗಂಟೆ ಮುಂಚೆ ಅವರಿಗೆ ಮೆಸೇಜು ಹೋಗುತ್ತದೆ, ಬೇಡವಾದರೆ ಫೋನಿನಲ್ಲೇ ನಿಲ್ಲಿಸಬಹುದು. ಹೀಗೆ ನಿಲ್ಲಿಸುವ ದಾರಿ ಸುಲಭ ಇದ್ದರೇನೇ ನಮ್ಮ ಜನ ಧೈರ್ಯವಾಗಿ ಸೇರುತ್ತಾರೆ.

ಆಷಾಢದಲ್ಲಿ ಒಂಬತ್ತು ಜನ ಬಿಟ್ಟರು. ಮದುವೆ ಇಲ್ಲ, ಬ್ಲೌಸ್ ಇಲ್ಲ, ಅವರ ಕೈಯಲ್ಲೂ ಕಾಸಿಲ್ಲ. ಈಗ ಆಷಾಢಕ್ಕೆ ದುಡ್ಡು ತಗೊಳ್ಳುವುದಿಲ್ಲ. ಆ ತಿಂಗಳು ಮುಂದಿನ ಶ್ರಾವಣಕ್ಕೆ ತಯಾರಿ ಮಾಡಿಸುತ್ತೇನೆ: ಲೈನಿಂಗ್ ಬಟ್ಟೆ ನೆನೆಸಿ ಒಣಗಿಸಿ ಇಟ್ಟುಕೊಳ್ಳುವುದು, ಪೇಪರ್ ಕಟಿಂಗ್ ಸೈಜುವಾರು ಮಾಡಿಡುವುದು. ಬಿಟ್ಟವರಲ್ಲಿ ಏಳು ಜನ ವರಮಹಾಲಕ್ಷ್ಮಿ ಹಬ್ಬಕ್ಕೆ ಮುಂಚೆ ವಾಪಸ್ ಬಂದರು.

ಯಾವ ವಿಷಯ ಅಂತ ಗೊತ್ತೇ ಇಲ್ಲದೆ ಕತ್ತಲಲ್ಲಿ ಇದ್ದರೆ 1,499ರ ಕ್ಲಾಸು ತಗೊಳ್ಳಿ. ಎರಡನೇ ದಿನದ ಕೊನೆಯ ಭಾಗ ಮೊದಲು ನೋಡಿ, ಆ ಹತ್ತು ಫೋನು ಮಾಡುವವರೆಗೆ ಬೇರೆ ಏನನ್ನೂ ಶುರು ಮಾಡಬೇಡಿ. ನಿಮ್ಮ ವಿಷಯ ಚಿಕ್ಕದು ಅಂತ ಅವರು ಹೇಳಿದರೆ ಒಪ್ಪಬೇಡಿ. 24,999ರ ಪ್ಯಾಕೇಜು ನನಗೆ ಬೇಕಾಗಲಿಲ್ಲ. ಅಷ್ಟು ದುಡ್ಡಿಗೆ ನಾನು ಒಂದು ಓವರ್‌ಲಾಕ್ ಮಿಷನ್ ತಗೊಂಡೆ. ಈ ಬುಧವಾರ ಇಳಕಲ್ಲಿನ ಒಬ್ಬರು ಖಣದ ಬಟ್ಟೆ ತರುತ್ತಾರಂತೆ. ಅಗಲ ಕಡಿಮೆ, ಅಂಚು ತೋಳಿಗೂ ಬೇಕು ಬೆನ್ನಿಗೂ ಬೇಕು. ಇನ್ನೂ ಹೇಗೆ ಕತ್ತರಿಸುವುದು ಅಂತ ನನಗೂ ಹೊಳೆದಿಲ್ಲ.