ಪಿಡಬ್ಲ್ಯೂಡಿ: ಬಹುಕಾಲದ ಬಳಕೆಯ ನಂತರ ಒಂದು ತಕರಾರು

ಲಿನಕ್ಸ್, ಮ್ಯಾಕ್‌ಗಳ ಟರ್ಮಿನಲ್‌ನಲ್ಲಿ (ಕಮಾಂಡ್ ಟೈಪ್ ಮಾಡುವ ಕಿಟಕಿಯಲ್ಲಿ) ಹೊಡೆಯುವ ಕಮಾಂಡ್ ಪಿಡಬ್ಲ್ಯೂಡಿ (pwd). ಮೂರಕ್ಷರ, ಒಂದು ಎಂಟರ್. ಈಗ ಯಾವ ಫೋಲ್ಡರ್‌ನಲ್ಲಿದ್ದೇವೆ ಅನ್ನೋದು ರೂಟ್‌ನಿಂದ (ಎಲ್ಲಕ್ಕೂ ಮೇಲಿನ ಫೋಲ್ಡರ್‌ನಿಂದ) ಹಿಡಿದು ಪೂರ್ತಿ ಬಂದುಬಿಡುತ್ತದೆ. ಇದರ ಬೆಲೆ ಗೊತ್ತಾಗುವುದು ರೆಡ್ ಹ್ಯಾಟ್ ಬಗೆಯ ಲಿನಕ್ಸ್ ಸರ್ವರ್‌ಗಳಲ್ಲಿ. ಅಲ್ಲಿ ಪ್ರಾಂಪ್ಟ್ (ಟೈಪ್ ಮಾಡುವ ಸಾಲಿನ ಮೊದಲಿಗೆ ಕಾಣುವ ಬರಹ) ಕೊನೆಯ ಫೋಲ್ಡರ್ ಹೆಸರನ್ನಷ್ಟೇ ತೋರಿಸುತ್ತದೆ. ‘ಲಾಗ್ಸ್’ ಅಂತ ಕಂಡರೆ ಅದು ಟೆಸ್ಟಿಂಗ್‌ನದ್ದೋ ಜನ ಬಳಸುತ್ತಿರುವ ಪ್ರೊಡಕ್ಷನ್‌ನದ್ದೋ ತಿಳಿಯದು. ಹಾಗಾಗಿ ಫೈಲ್ ಅಳಿಸುವ ಆರ್‌ಎಂ ಕಮಾಂಡ್ ಹೊಡೆಯುವ ಮುನ್ನ ಪಿಡಬ್ಲ್ಯೂಡಿ ಹೊಡೆದು, ಬಂದ ಸಾಲನ್ನು ಮೊದಲಿಂದ ಕೊನೆಯವರೆಗೆ ಓದಿ, ಆಮೇಲಷ್ಟೇ ಮುಂದಕ್ಕೆ ಹೋಗುವುದು ನನ್ನ ರೂಢಿ. ಈ ಕೆಲಸಕ್ಕೆ ಇದಕ್ಕಿಂತ ಚೊಕ್ಕದಾದ ಕಮಾಂಡ್ ಬೇರೆ ಇಲ್ಲ.

ಆದರೆ ಅದನ್ನು ಪೂರ್ತಿ ನಂಬುವಂತಿಲ್ಲ. ಬ್ಯಾಶ್ ಅನ್ನುವ ಶೆಲ್‌ನಲ್ಲಿ (ನಾವು ಹೊಡೆದ ಕಮಾಂಡ್ ಓದಿ ಓಡಿಸುವ ಪ್ರೋಗ್ರಾಂನಲ್ಲಿ) ಬರಿದೇ ಪಿಡಬ್ಲ್ಯೂಡಿ ಅಂದರೆ ಓಡುವುದು ಶೆಲ್‌ನ ಒಳಗೇ ಇರುವ ಕಮಾಂಡ್. ಅದು ಡಿಸ್ಕ್ ಕಡೆ ತಿರುಗಿಯೂ ನೋಡದೆ, ಹಿಂದಿನ ಸಲ ಸಿಡಿ (ಫೋಲ್ಡರ್ ಬದಲಿಸುವ ಕಮಾಂಡ್) ಮಾಡಿದಾಗ ನೆನಪಿಟ್ಟುಕೊಂಡ ದಾರಿಯನ್ನೇ ಒಪ್ಪಿಸುತ್ತದೆ.

ಇದು ಪೆಟ್ಟು ಕೊಡುವುದು ಡಿಪ್ಲಾಯ್ ಹೊತ್ತಿನಲ್ಲಿ, ಅಂದರೆ ಸಾಫ್ಟ್‌ವೇರ್‌ನ ಹೊಸ ರಿಲೀಸನ್ನು ಸರ್ವರ್‌ಗೆ ಹಾಕುವಾಗ. ‘ಕರೆಂಟ್’ ಅನ್ನುವ ಸಿಮ್‌ಲಿಂಕ್ (ಬೇರೆ ಫೋಲ್ಡರ್‌ಗೆ ಕೈತೋರಿಸುವ ಹೆಸರು) ‘ರಿಲೀಸಸ್/41’ ಅನ್ನು ತೋರಿಸುತ್ತಿದೆ, ನೀವು ‘ಕರೆಂಟ್’ ಒಳಗೆ ನಿಂತಿದ್ದೀರಿ ಅಂದುಕೊಳ್ಳಿ. ಹೊಸ ರಿಲೀಸ್ ಬಂದು ಲಿಂಕ್ 42ಕ್ಕೆ ತಿರುಗುತ್ತದೆ. ನಿಮ್ಮ ಶೆಲ್ ಮಾತ್ರ 41ರಲ್ಲೇ ಇದೆ, ಯಾಕೆಂದರೆ ಕರ್ನಲ್ (ಆಪರೇಟಿಂಗ್ ಸಿಸ್ಟಮ್‌ನ ತಿರುಳು) ಹಿಡಿದುಕೊಂಡಿರುವುದು ಐನೋಡನ್ನು, ಅಂದರೆ ಫೋಲ್ಡರ್‌ನ ಒಳಗಿನ ಗುರುತನ್ನು, ಹೆಸರನ್ನಲ್ಲ. ಪಿಡಬ್ಲ್ಯೂಡಿ ಕೇಳಿದರೆ ‘ಕರೆಂಟ್’ ಅನ್ನುತ್ತದೆ. ಕಾನ್ಫಿಗ್ (ಸೆಟ್ಟಿಂಗ್‌ಗಳ ಫೈಲ್) ತೆಗೆದು ತಿದ್ದಿ ಸೇವ್ ಮಾಡುತ್ತೀರಿ, ಸರ್ವಿಸ್ ರೀಸ್ಟಾರ್ಟ್ ಮಾಡುತ್ತೀರಿ, ಏನೂ ಬದಲಾಗುವುದಿಲ್ಲ. ತಿದ್ದಿದ್ದು ಹಳೇ ರಿಲೀಸ್‌ನ ಫೈಲ್! ಬಿಲ್ಡ್ ಸ್ಕ್ರಿಪ್ಟ್ ಫೋಲ್ಡರನ್ನು ಅಳಿಸಿ ಅದೇ ಹೆಸರಲ್ಲಿ ಮತ್ತೆ ಮಾಡಿದಾಗಲೂ ಇದೇ ಕಥೆ: ದಾರಿ ಸರಿಯಾಗಿಯೇ ಕಾಣುತ್ತದೆ, ಒಳಗಿನ ಫೈಲ್‌ಗಳ ಪಟ್ಟಿ ಕೊಡುವ ಎಲ್‌ಎಸ್ ಹೊಡೆದರೆ ಖಾಲಿ.

ಪರಿಹಾರ ಸುಲಭ. /ಬಿನ್/ಪಿಡಬ್ಲ್ಯೂಡಿ ಅಂತ ಪೂರ್ತಿ ದಾರಿ ಕೊಟ್ಟು ಓಡಿಸಿ. ಲಿನಕ್ಸ್‌ನಲ್ಲಿ ಅದು ಶೆಲ್‌ನ ನೆನಪನ್ನು ಬಿಟ್ಟು ಕರ್ನಲ್ಲನ್ನೇ ಕೇಳುತ್ತದೆ. ಮೇಲಿನ ಉದಾಹರಣೆಯಲ್ಲಿ ‘ರಿಲೀಸಸ್/41’ ಅಂತಲೇ ಹೇಳುತ್ತದೆ, ಫೋಲ್ಡರ್ ಅಳಿದಿದ್ದರೆ ಎರರ್ ಕೊಡುತ್ತದೆ. ಆಮೇಲೆ ಸಿಡಿ, ಸ್ಪೇಸ್, ಒಂದು ಚುಕ್ಕೆ ಹೊಡೆದರೆ ಶೆಲ್ ಅದೇ ಹೆಸರಿನ ದಾರಿಯಲ್ಲಿ ಮತ್ತೆ ನಡೆದು ಹೊಸ ಜಾಗಕ್ಕೆ ಬರುತ್ತದೆ. ಡಿಪ್ಲಾಯ್ ನಡೆಯುವ ಮೆಷಿನ್‌ಗಳಲ್ಲಿ ಇದನ್ನೇ ಅಭ್ಯಾಸ ಮಾಡಿಕೊಳ್ಳುವುದು ವಾಸಿ.

ಹಾಗಂತ ಆ ನೆನಪು ಬರೀ ತೊಂದರೆಯಲ್ಲ, ದಿನದ ಓಡಾಟಕ್ಕೆ ಅದೇ ಹಿತ. ಮ್ಯಾಕ್‌ನಲ್ಲಿ /ಟಿಎಂಪಿ ನಿಜವಾಗಿ /ಪ್ರೈವೇಟ್/ಟಿಎಂಪಿಗೆ ಹೋಗುವ ಲಿಂಕ್. ಒಳಗೆ ಹೋಗಿ ಪಿಡಬ್ಲ್ಯೂಡಿ ಅಂದರೆ ನೀವು ಕೊಟ್ಟ ಚಿಕ್ಕ ಹೆಸರೇ ಬರುತ್ತದೆ, ಸಿಡಿ ಜೊತೆ ಎರಡು ಚುಕ್ಕೆ (ಒಂದು ಹಂತ ಮೇಲಿನ ಫೋಲ್ಡರ್) ಹಾಕಿದರೆ ಬಂದ ದಾರಿಯಲ್ಲೇ ರೂಟ್‌ಗೆ ವಾಪಸ್. ಎಲ್‌ಎಸ್ ಜೊತೆ ಎರಡು ಚುಕ್ಕೆ ಹಾಕಿದರೆ ಮಾತ್ರ /ಪ್ರೈವೇಟ್ ಒಳಗಿನದ್ದು ಕಾಣುತ್ತದೆ. ಈ ವ್ಯತ್ಯಾಸ ನೆನಪಿರಲಿ. ಲಿಂಕ್ ಬಿಡಿಸಿದ ದಾರಿ ಬೇಕಿದ್ದರೆ ಪಿಡಬ್ಲ್ಯೂಡಿ ಆದ ಮೇಲೆ ಹೈಫನ್ ಜೊತೆ ಕ್ಯಾಪಿಟಲ್ ಪಿ ಹಾಕಿ.

ಸ್ಕ್ರಿಪ್ಟ್ ಬರೆಯುವವರಿಗೆ ಇನ್ನೊಂದು ಮಾತು: ಪಿಡಬ್ಲ್ಯೂಡಿ ಕೊಡುವುದು ಸ್ಕ್ರಿಪ್ಟನ್ನು ಕರೆದ ಜಾಗವನ್ನು, ಸ್ಕ್ರಿಪ್ಟ್ ಇರುವ ಜಾಗವನ್ನಲ್ಲ. ನಿಗದಿತ ಹೊತ್ತಿಗೆ ಕೆಲಸ ಓಡಿಸುವ ಕ್ರಾನ್‌ನಿಂದ ಓಡಿದರೆ ಸಾಮಾನ್ಯವಾಗಿ ಹೋಮ್ ಫೋಲ್ಡರ್ ಬರುತ್ತದೆ. ಓಡುತ್ತಿರುವ ಬೇರೆ ಪ್ರೋಸೆಸ್ ಎಲ್ಲಿದೆ ಅನ್ನೋದು ಬೇಕಾದರೆ ಲಿನಕ್ಸ್‌ನಲ್ಲಿ ಪಿಡಬ್ಲ್ಯೂಡಿಎಕ್ಸ್ ಇದೆ. ಪಿಐಡಿ (ಆ ಪ್ರೋಸೆಸ್‌ನ ಸಂಖ್ಯೆ) ಕೊಟ್ಟರೆ ಸಾಕು.