ಜೇಬಿನ ಚಾಕು, ಕೀ ಬಂಚಿನ ಮಲ್ಟಿಟೂಲ್: ತೋಟದ ಕೆಲಸಕ್ಕೆ ಯಾವುದು ಬಾಳುತ್ತದೆ?

ಶಿವಮೊಗ್ಗ ಜಿಲ್ಲೆಯ ಸಾಗರದ ಹತ್ತಿರ ನಮ್ಮದು ಅಡಿಕೆ ತೋಟ. ನಡುವೆ ಕಾಳುಮೆಣಸು, ಒಂದಿಷ್ಟು ಬಾಳೆ, ಪೂರ್ತಿ ಹನಿ ನೀರಾವರಿ. ಹಾಗಾಗಿ ಜೇಬಲ್ಲಿ ಚಾಕು ಇಲ್ಲದೆ ನನಗೆ ದಿನ ಸಾಗುವುದಿಲ್ಲ. ಲ್ಯಾಟರಲ್ ಪೈಪ್ ಕತ್ತರಿಸಬೇಕು, ಗೊಬ್ಬರದ ಚೀಲದ ಹೊಲಿಗೆ ಬಿಚ್ಚಬೇಕು, ಮೆಣಸಿನ ಬಳ್ಳಿಗೆ ಕಟ್ಟಿದ ಹಳೇ ದಾರ ಕೊಯ್ಯಬೇಕು, ಮೋಟರಿನ ವೈರಿನ ತುದಿ ಬಿಡಿಸಬೇಕು. ಈ ಕೆಲಸಗಳಿಗೆ ಮಡಚುವ ಚಾಕುವನ್ನೂ ಬೈಕಿನ ಕೀಗೆ ನೇತುಹಾಕುವ, ಹಲವು ಉಪಕರಣ ಒಂದರಲ್ಲೇ ಮಡಚಿಟ್ಟ ಪುಟ್ಟ ಮಲ್ಟಿಟೂಲನ್ನೂ ವರ್ಷಗಟ್ಟಲೆ ಬಳಸಿದ್ದೇನೆ. ಎರಡರಲ್ಲಿ ಜಾಸ್ತಿ ಬಾಳುವುದು ಚಾಕುವೇ. ಅದಕ್ಕೆ ಕಾರಣ ಇರುವುದು ಮಡಚಿ ಬಿಡಿಸುವ ಕೀಲಿನಲ್ಲಿ.

ಅಂಗಡಿಗೆ ಹೋದವರು ಮೊದಲು ನೋಡುವುದು ಅಲಗಿನ ಹರಿತ. ಆದರೆ ಹರಿತ ಹೋದರೆ ಸಾಣೆಕಲ್ಲಿದೆ, ಮಸೆದರೆ ಮತ್ತೆ ಬರುತ್ತದೆ. ಕೀಲು ಸಡಿಲವಾಗಿ ಅಲಗು ಅಕ್ಕಪಕ್ಕ ಅಲ್ಲಾಡಲು ಶುರುವಾದರೆ ಮನೆಯಲ್ಲಿ ಸರಿಮಾಡುವುದು ಕಷ್ಟ. ಜೊತೆಗೆ ಬೆರಳಿಗೂ ಅಪಾಯ. ಬಾಳಿಕೆ ಅಂದರೆ ನಾನು ನೋಡುವುದು ಕೀಲು, ಸ್ಪ್ರಿಂಗು, ರಿವೆಟ್ಟು. ಈ ಮೂರೇ.

ನನ್ನ ಜೇಬಲ್ಲಿರುವುದು ವಿಕ್ಟೋರಿನಾಕ್ಸ್ ಪಯೊನೀರ್. ಮಡಚಿದಾಗ 93 ಮಿಲಿಮೀಟರ್ ಉದ್ದ, ಅಲ್ಯೂಮಿನಿಯಂ ಹಿಡಿ. ಒಂದು ದೊಡ್ಡ ಅಲಗು, ತೂತು ಕೊರೆಯುವ ದಬ್ಬಳ, ಡಬ್ಬಿ ತೆರೆಯುವುದು, ಬಾಟಲಿ ತೆರೆಯುವುದು. ಬಾಟಲಿ ತೆರೆಯುವ ತುದಿಯೇ ದೊಡ್ಡ ಸ್ಕ್ರೂಡ್ರೈವರ್. ಅದರ ಪಕ್ಕದಲ್ಲಿರುವ ಸಣ್ಣ ಕಚ್ಚಿನಲ್ಲಿ ವೈರಿನ ಸಿಪ್ಪೆ ಸುಲಿಯಬಹುದು. ಅಷ್ಟೇ. ಕತ್ತರಿ ಇಲ್ಲ, ಗರಗಸ ಇಲ್ಲ. ಭಾಗಗಳು ಕಡಿಮೆ ಇರುವುದೇ ಇದರ ದೊಡ್ಡ ಗುಣ ಅಂತ ನನಗನಿಸುತ್ತದೆ. ಇರುವ ಒಂದೊಂದೂ ದಪ್ಪವಾಗಿದೆ, ಕೂಡಿಸಿದ ರಿವೆಟ್ಟು ಅಲ್ಲಾಡಿಲ್ಲ.

ಈ ಕಂಪನಿಯನ್ನು ಕಾರ್ಲ್ ಎಲ್ಸೆನರ್ 1884ರಲ್ಲಿ ಸ್ವಿಟ್ಜರ್ಲೆಂಡಿನ ಇಬಾಕ್‌ನಲ್ಲಿ ಶುರುಮಾಡಿದರು. ಈ ಕಂಪನಿಯವರು ಎಲ್ಲ ಭಾಗಗಳನ್ನೂ ಒಂದೇ ಗಡಸಿನಲ್ಲಿ ಮಾಡುವುದಿಲ್ಲ. ಇದು ನನಗೆ ತುಂಬ ಹಿಡಿಸಿದ ವಿಷಯ. ಗಡಸುತನ ಹೇಳುವ ರಾಕ್‌ವೆಲ್ ಅಳತೆಯಲ್ಲಿ ಅಲಗು 56, ಕತ್ತರಿ 53, ಸ್ಕ್ರೂಡ್ರೈವರ್ ಮತ್ತು ಡಬ್ಬಿ ತೆರೆಯುವುದು 52, ಸ್ಪ್ರಿಂಗು 49. ಉಕ್ಕು ಗಡಸಾದಷ್ಟೂ ಹರಿತ ಹೆಚ್ಚು ದಿನ ನಿಲ್ಲುತ್ತದೆ, ಆದರೆ ತಿರುಚಿದರೆ ಪಟ್ಟನೆ ಮುರಿಯುತ್ತದೆ. ಸ್ಪ್ರಿಂಗು ಬಾಗಿ ಬಾಗಿ ಏಳಬೇಕು, ಅದಕ್ಕೆ ಸ್ವಲ್ಪ ಮೆದು. ಸ್ಕ್ರೂಡ್ರೈವರ್ ತಿರುಚು ತಡೆಯಬೇಕು, ಅದೂ ಅಲಗಿಗಿಂತ ಮೆದು. ಇನ್ನು 56 ಅನ್ನುವುದು ಅಲಗಿಗೆ ತೀರಾ ಜಾಸ್ತಿಯೂ ಅಲ್ಲ. ಮನೆಯ ಮಾಮೂಲಿ ಕಲ್ಲಿನಲ್ಲಿ ಬೇಗ ಬಾಯಿ ಬರುತ್ತದೆ. ದಿನಾ ಬಳಸುವವನಿಗೆ ಇದೇ ಅನುಕೂಲ.

ಈಗ ಕೀ ಬಂಚಿನ ವಿಷಯ. ಇಲ್ಲಿ ಎರಡು ಜಾತಿ ಇವೆ. ಒಂದು ಇಕ್ಕಳ ಇರುವುದು, ಇನ್ನೊಂದು ಕತ್ತರಿ ಇರುವುದು. ಬಾಳಿಕೆಯಲ್ಲಿ ಇವೆರಡಕ್ಕೂ ಅಜಗಜಾಂತರ.

ಇಕ್ಕಳದ್ದು ನೋಡಲು ಬಲು ಚೆಂದ. ನನ್ನ ಹತ್ತಿರ ಇದ್ದುದರ ಹೆಸರು ಬೇಡ. ಮೋಟರಿನ ಸ್ಟಾರ್ಟರ್ ಪೆಟ್ಟಿಗೆಯೊಳಗೆ ಬಿಗಿಯಾಗಿದ್ದ ಒಂದು ಸಣ್ಣ ನಟ್ಟನ್ನು ಕರೆಂಟ್ ತೆಗೆದು ಅದರಲ್ಲಿ ಹಿಡಿದು ತಿರುಗಿಸುವಾಗ ಇಕ್ಕಳದ ಎರಡು ದವಡೆಗಳು ಒಂದರ ಮೇಲೊಂದು ಜಾರಿದವು. ಕೀಲಿನ ಮೊಳೆ ಬಾಗಿತ್ತು. ಆಮೇಲೆ ದವಡೆಗಳು ಸರಿಯಾಗಿ ಕೂಡಲೇ ಇಲ್ಲ. ಇದು ಒಂದು ಉಪಕರಣದ ಹಣೆಬರಹ ಮಾತ್ರ ಅಲ್ಲ, ಅಳತೆಯದ್ದೇ ತೊಂದರೆ. ಬೆರಳುದ್ದದ ಇಕ್ಕಳದ ಹಿಡಿ ಗಿಡ್ಡ. ಹಿಡಿತ ಸಾಲದೆ ನಾವು ಜೋರಾಗಿ ಅದುಮುತ್ತೇವೆ, ಜೊತೆಗೆ ತಿರುಚುತ್ತೇವೆ. ಆ ಭಾರವೆಲ್ಲ ಕಡ್ಡಿಯಂಥ ಒಂದು ಮೊಳೆಯ ಮೇಲೆ ಅಡ್ಡಡ್ಡ ಬೀಳುತ್ತದೆ. ನಟ್ಟಿಗೆ ಸ್ಪ್ಯಾನರೇ ಬೇಕು. ಪುಟ್ಟ ಇಕ್ಕಳ ಮುಳ್ಳು ಕೀಳಲು, ತೆಳು ತಂತಿ ಬಗ್ಗಿಸಲು ಸರಿ.

ಕತ್ತರಿಯ ಜಾತಿಯಲ್ಲಿ ಹೀಗಾಗುವುದಿಲ್ಲ. ಕತ್ತರಿಗೆ ನಾವು ದಾರ, ಕಾಗದ, ಪ್ಲಾಸ್ಟಿಕ್ ಇಷ್ಟನ್ನೇ ಕೊಡುತ್ತೇವೆ. ತಿರುಚುವ ಮನಸ್ಸೇ ಬರುವುದಿಲ್ಲ. ನನ್ನ ಹೆಂಡತಿಯ ಕೀ ಬಂಚಿನಲ್ಲಿ ವಿಕ್ಟೋರಿನಾಕ್ಸ್ ಕ್ಲಾಸಿಕ್ ಇದೆ. 58 ಮಿಲಿಮೀಟರ್ ಉದ್ದ, ತೂಕ ಸುಮಾರು 21 ಗ್ರಾಂ. ಹಾಲಿನ ಪ್ಯಾಕೆಟ್ಟು, ಮಾತ್ರೆ ಪಟ್ಟಿ, ಹೂ ಕಟ್ಟುವ ದಾರ, ಎಲ್ಲ ಅದರಲ್ಲೇ. ಕತ್ತರಿ ಇನ್ನೂ ಕಚ್ ಅಂತ ಕಚ್ಚುತ್ತದೆ. ಕತ್ತರಿಯ ಸಣ್ಣ ಸ್ಪ್ರಿಂಗು ಬೇರೆಯಾಗಿ ಸಿಗುತ್ತದೆ, ಚಿಮಟ ಮತ್ತು ಹಲ್ಲುಕಡ್ಡಿಯೂ ಸಿಗುತ್ತವೆ. ಸವೆದದ್ದನ್ನು ಬದಲಿಸಬಹುದು ಅಂದರೆ ಬಾಳಿಕೆ ಅಷ್ಟು ಉದ್ದ ಆಯ್ತು, ಅಲ್ವಾ?

ಇದೇ ಜಾತಿಯ ಇನ್ನೊಂದು ಒಳ್ಳೆಯದು ಅಮೆರಿಕದ ಲೆದರ್‌ಮನ್ ಮೈಕ್ರಾ. ಬಿಡಿಸಿದರೆ ನಡುವೆ ಕತ್ತರಿ, ಪೂರ್ತಿ ಸ್ಟೀಲು, 25 ವರ್ಷದ ವಾರಂಟಿ. ಕ್ಲಾಸಿಕ್‌ಗಿಂತ ಎರಡು ಪಟ್ಟಿಗೂ ಹೆಚ್ಚು ತೂಕ. ಕೈಯಲ್ಲಿ ಹಿಡಿದರೆ ಗಟ್ಟಿತನ ಗೊತ್ತಾಗುತ್ತದೆ.

ಆದರೂ ಕೀ ಬಂಚಿನ ಬಾಳೇ ಬೇರೆ. ನಮ್ಮೂರ ಕೆಮ್ಮಣ್ಣಿನ ರಸ್ತೆಯಲ್ಲಿ ಬೈಕ್ ಓಡುವಷ್ಟು ಹೊತ್ತೂ ಅದು ಕುಣಿಯುತ್ತಾ, ಬಡಿಯುತ್ತಾ ಇರುತ್ತದೆ. ಸ್ಕ್ರೂ ಹಾಕಿ ಕೂಡಿಸಿದ ಉಪಕರಣವಾದರೆ ಆ ಅದುರಿಗೆ ಸ್ಕ್ರೂ ನಿಧಾನವಾಗಿ ಬಿಚ್ಚಿಕೊಳ್ಳುತ್ತದೆ. ಸ್ಕ್ರೂ ಇದ್ದರೆ ಬಿಗಿಮಾಡಲು ಬರುತ್ತದೆ ನಿಜ, ಕಳೆದುಹೋದರೆ ಅಂಥದ್ದು ನಮ್ಮ ಪೇಟೆಯಲ್ಲಿ ಸಿಗುವುದಿಲ್ಲ. ಉಂಗುರ ಹಾಕುವ ಕಿವಿಯೂ ಸವೆಯುತ್ತದೆ, ಯಾಕೆಂದರೆ ಉಂಗುರ ಹೊತ್ತು ಹೊತ್ತಿಗೂ ಒಂದೇ ಕಡೆ ಉಜ್ಜುತ್ತದೆ. ಜೊತೆಗೆ ಧೂಳು. ಎಣ್ಣೆ ಹಾಕಿದ ಕೀಲಿಗೆ ಮಣ್ಣು ಸೇರಿದರೆ ಅದು ಅರೆಯುವ ಹಿಟ್ಟಾಗುತ್ತದೆ. ಪ್ಯಾಂಟಿನ ಜೇಬಲ್ಲಿ ಒಂಟಿಯಾಗಿರುವ ಚಾಕುವಿಗೆ ಇಷ್ಟು ಕಾಟ ಇಲ್ಲ.

ಮಳೆಗಾಲದಲ್ಲಿ ಎರಡಕ್ಕೂ ಆರೈಕೆ ಬೇಕು. ಸ್ಟೇನ್‌ಲೆಸ್ ಅಂದ ಮಾತ್ರಕ್ಕೆ ತುಕ್ಕು ಹಿಡಿಯುವುದೇ ಇಲ್ಲ ಅಂತಲ್ಲ. ಒದ್ದೆ ಕೀಲಿನ ಸಂದಿಯಲ್ಲಿ ಮೊದಲು ಕೆಂಪಾಗುತ್ತದೆ. ನಾನು ಬಿಸಿನೀರಲ್ಲಿ ತೊಳೆದು, ತೆರೆದು ಮುಚ್ಚಿ ಮಣ್ಣು ಬಿಡಿಸಿ, ಒಲೆಯ ಹತ್ತಿರ ಒಣಗಿಸಿ, ಹೊಲಿಗೆ ಮಿಷನ್ನಿನ ಎಣ್ಣೆ ಒಂದು ಹನಿ ಬಿಡುತ್ತೇನೆ. ಕೊಬ್ಬರಿ ಎಣ್ಣೆ ಬೇಡ. ಚಳಿಗಾಲದಲ್ಲಿ ಗಟ್ಟಿಯಾಗುತ್ತದೆ, ಹಳತಾದರೆ ಅಂಟಾಗುತ್ತದೆ.

ಕಾರ್ಬನ್ ಉಕ್ಕಿನ ಅಲಗು ಇಷ್ಟಪಡುವವರೂ ಇದ್ದಾರೆ. ಫ್ರಾನ್ಸಿನ ಒಪಿನೆಲ್ ಎರಡೂ ಬಗೆಯಲ್ಲಿ ಬರುತ್ತದೆ, ಕಾರ್ಬನ್ನಿನಲ್ಲೂ ಸ್ಟೇನ್‌ಲೆಸ್ಸಿನಲ್ಲೂ. ತೋಟದವರು ಸ್ಟೇನ್‌ಲೆಸ್ ತೆಗೆದುಕೊಳ್ಳುವುದು ಒಳ್ಳೆಯದು. ಹಸಿ ಅಡಿಕೆಯ ಚೊಗರು ತಾಗಿದರೆ ಕಾರ್ಬನ್ ಉಕ್ಕು ಕಪ್ಪಾಗುತ್ತದೆ. ನಮ್ಮ ಮನೆಯ ಅಡಿಕೆ ಸುಲಿಯುವ ಮೆಟ್ಟುಗತ್ತಿಗಳೆಲ್ಲ ಹಾಗೆ ಕಪ್ಪಾದವೇ. ಕಪ್ಪಿನಿಂದ ಕೆಡುಕಿಲ್ಲ, ಆದರೆ ಒರೆಸದೆ ಇಟ್ಟರೆ ನಮ್ಮ ಮಳೆಗೆ ತುಕ್ಕು ತಿನ್ನುತ್ತದೆ.

ನನ್ನ ಸಲಹೆ ಇಷ್ಟು. ಬಲ ಹಾಕುವ ಕೆಲಸ ಇದ್ದವರು ಪಯೊನೀರ್‌ನಂಥ ಕಡಿಮೆ ಭಾಗಗಳ ಚಾಕು ತೆಗೆದುಕೊಳ್ಳಿ. ಆಫೀಸು, ಮನೆ, ಪ್ರಯಾಣ ಅನ್ನುವವರಿಗೆ ಕತ್ತರಿ ಇರುವ ಕ್ಲಾಸಿಕ್ ಸಾಕು. ವಿಮಾನ ಹತ್ತುವ ಮುಂಚೆ ಮಾತ್ರ ಕೀ ಬಂಚಿನಿಂದ ಬಿಚ್ಚಿ ಚೆಕ್-ಇನ್‌ಗೆ ಕೊಡುವ ದೊಡ್ಡ ಬ್ಯಾಗಿಗೆ ಹಾಕಿ. ಕೀ ಬಂಚಿಗೆ ಇಕ್ಕಳದ್ದನ್ನು ನಾನು ಯಾರಿಗೂ ಹೇಳುವುದಿಲ್ಲ.

ಕೊಳ್ಳುವಾಗ ಅಲಗು ಪೂರ್ತಿ ತೆರೆದು ತುದಿ ಹಿಡಿದು ಅಕ್ಕಪಕ್ಕ ಮೆಲ್ಲನೆ ಒತ್ತಿ ನೋಡಿ. ಹೊಸದರಲ್ಲೇ ಟಕಟಕ ಅಂದರೆ ಬಿಡಿ. ಮಡಚುವಾಗ ಕೊನೆಗೆ ಸ್ಪ್ರಿಂಗೇ ಒಳಗೆಳೆದು ಟಪ್ ಅಂತ ಕೂರಿಸಬೇಕು. ವಿಕ್ಟೋರಿನಾಕ್ಸ್ ಆದರೆ ಅಲಗಿನ ಬುಡದಲ್ಲಿ ಹೆಸರು ಒತ್ತಿರುತ್ತದೆ. ನಕಲಿ ಬಹಳ ಇವೆ, ಬರೀ ಹಿಡಿಯ ಮೇಲಿನ ಶಿಲುಬೆ ಗುರುತು ನೋಡಿ ದುಡ್ಡು ಕೊಡಬೇಡಿ.